ಮೂವತ್ತಾರು ತೆಂಗಿನ ಮರದ ಓಟ

ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಹೇಳಿಕೊಟ್ಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಒಂದು ಮುಗಿಯಿತು ಎಂದು ಕುರ್ಚಿಗೆ ಒರಗುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತು "ಮೇ ಐ ಕಮಿನ್ ಸಾರ್" ಅನ್ನುತ್ತದೆ. ನಾನು ಬೋರ್ಡಿನ ಮೇಲೆ ಬಿಟ್ಟು ಬೇರೆಲ್ಲೂ ಏನೂ ಬರೆದವನಲ್ಲ. ವಿವರಣೆ ಜಾಸ್ತಿ ಆಯಿತು ಅನ್ನಿಸಿದರೆ ಸಹಿಸಿಕೊಳ್ಳಬೇಕು. ಮಧ್ಯದ ಹಂತ ಬಿಟ್ಟವರಿಗೆ ಅಂಕ ಕಳೆದೇ ನನಗೆ ಅಭ್ಯಾಸ.

೧. ವಿಷಲ್ ನನ್ನ ಕೊರಳಿಗೆ ಬಿದ್ದದ್ದು

ನಮ್ಮ ಶಾಲೆ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಕಡೆ ಇದೆ. ಅಲ್ಲಿದ್ದ ಪಿ.ಟಿ. ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಹೀಗಿರುವಾಗ ಹತ್ತನೇ ತರಗತಿಯ ಒಬ್ಬ ಹುಡುಗಿ ಹೆಡ್‌ಮಾಸ್ಟರ ಹತ್ತಿರ ಹೋಗಿ, ತಾನು ಮಿಲಿಟರಿಗೆ ಸೇರಬೇಕು, ಓಟ ಅಭ್ಯಾಸ ಮಾಡಿಸುವವರು ಬೇಕು ಅಂದಳು.

ಇಲ್ಲಿ ಸ್ವಲ್ಪ ವಿವರಿಸಬೇಕು. ಹದಿನೇಳೂವರೆ ವರ್ಷ ತುಂಬದೆ ಸೈನ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ, ಅವಳಿಗೆ ಆಗ ಹದಿನೈದು. ಆದರೆ ಪಿಯುಸಿ ಓದಿಸುತ್ತಲೇ ಭರ್ತಿಗೆ ತಯಾರು ಮಾಡುವ ಒಂದು ವಸತಿ ಕಾಲೇಜು ಹಾಸನದಲ್ಲಿತ್ತು. ಅದರ ಅರ್ಜಿಗೆ ತಂದೆಯ ಸಹಿ ಬೇಕಿತ್ತು. ತಂದೆ ತೆಂಗಿನ ತೋಟದ ರೈತರು. ಅವರ ಷರತ್ತು ಒಂದೇ: ಮಿಲಿಟರಿಯವರು ಹೆಣ್ಣುಮಕ್ಕಳಿಗೆ ಇಟ್ಟಿರುವ ಸಾವಿರದ ಆರುನೂರು ಮೀಟರನ್ನು ಏಳೂವರೆ ನಿಮಿಷದಲ್ಲಿ ತಮ್ಮ ಕಣ್ಣೆದುರು ಓಡಿ ತೋರಿಸಬೇಕು. ತೋರಿಸಿದರೆ ಸಹಿ, ಇಲ್ಲದಿದ್ದರೆ ಊರ ಹತ್ತಿರದ ಕಾಲೇಜು. ಅರ್ಜಿ ಕೊಡಲು ಮೂರು ತಿಂಗಳಿತ್ತು.

ಹೆಡ್‌ಮಾಸ್ಟರು ನನ್ನನ್ನು ಕರೆಸಿ, "ವೇಗ, ಕಾಲ, ದೂರದ ಪಾಠ ಮಾಡೋರು ನೀವೇ ಅಲ್ವೇನ್ರೀ?" ಅಂದರು. ಹೌದು ಅಂದೆ. ಮೇಜಿನ ಡ್ರಾಯರಿನಿಂದ ವಿಷಲ್ ತೆಗೆದು ಮುಂದಿಟ್ಟರು. ನನಗೆ ಐವತ್ತನಾಲ್ಕು ವರ್ಷ, ಬಸ್ಸಿನ ಮೆಟ್ಟಿಲು ಹತ್ತಿದರೆ ಮಂಡಿ ಹಿಡಿಯುತ್ತದೆ ಎಂದು ನಿವೇದಿಸಿಕೊಂಡೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ.

"ಓಡೋಳು ಅವಳು. ನೀವು ಭಾಗಾಕಾರ ಮಾಡಿ ಸಾಕು."

೨. ಡ್ರಾಪ್

ಮೊದಲು ಟಾರ್ ರಸ್ತೆಯಲ್ಲೇ ಓಡಿಸಿದೆ. ಕಿಲೋಮೀಟರ್ ಕಲ್ಲು ಇರುವುದರಿಂದ ದೂರ ಅಳೆಯುವ ಕಷ್ಟವಿಲ್ಲ. ಒಂದು ಕಲ್ಲಿನಿಂದ ಹೊರಟು, ಮುಂದಿನ ಕಲ್ಲು ದಾಟಿ, ಇನ್ನೂ ಆರುನೂರು ಮೀಟರಿಗೆ ಬರುವ ಸೇತುವೆಯ ಹತ್ತಿರ ನಾನು ಗಡಿಯಾರ ಹಿಡಿದು ನಿಲ್ಲುವುದು. ಅವಳು ಹೊರಡುವಾಗ ಮಿಸ್ಡ್ ಕಾಲ್ ಕೊಡುವುದು.

ಮೊದಲ ದಿನ ಅವಳು ಸೇತುವೆ ಮುಟ್ಟಿದ್ದು ಇಪ್ಪತ್ತೆರಡು ನಿಮಿಷಕ್ಕೆ. ಏನಾಯಿತೆಂದು ಕೇಳಿದರೆ, ದಾರಿಯಲ್ಲಿ ಆರು ಗಾಡಿಯವರು ನಿಲ್ಲಿಸಿದರಂತೆ. ನಮ್ಮ ಕಡೆ ಹೆಣ್ಣುಮಗಳೊಬ್ಬಳು ರಸ್ತೆಯಲ್ಲಿ ಓಡಿದರೆ ಬಸ್ ತಪ್ಪಿರಬೇಕು, ಇಲ್ಲವೇ ಮನೆಯಲ್ಲಿ ಯಾರಿಗೋ ಏನೋ ಆಗಿರಬೇಕು. ಗಾಡಿಯಲ್ಲಿ ಹೋಗುವವರು ಸುಮ್ಮನೆ ಹೋಗಿಬಿಟ್ಟರೆ ಅದು ಮನುಷ್ಯತ್ವವಲ್ಲ. ಆರು ಜನಕ್ಕೂ ನಿಂತು ವಿವರಿಸಿದ್ದಳು. ಒಬ್ಬರಂತೂ, ಮಿಲಿಟರಿಗೆ ಇಲ್ಲಿಂದ ಓಡಿಕೊಂಡೇ ಹೋಗಬೇಕಾ, ರೈಲು ಇಲ್ಲವಾ ಎಂದು ಕೇಳಿದರಂತೆ.

ಎರಡನೆಯ ದಿನ ಯಾರು ಕೂಗಿದರೂ ನಿಲ್ಲಬೇಡ ಎಂದು ಹೇಳಿ ಕಳಿಸಿದೆ. ಮಿಸ್ಡ್ ಕಾಲ್ ಬಂತು. ನಾನು ಸೇತುವೆಯ ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದೆ. ತಲೆ ಎತ್ತಿದರೆ ಹುಡುಗಿ ಎದುರಿಗೇ ನಿಂತಿದ್ದಾಳೆ. ಗಡಿಯಾರದಲ್ಲಿ ಮೂರು ನಿಮಿಷ ಹತ್ತು ಸೆಕೆಂಡು. ಇಪ್ಪತ್ತಾರು ವರ್ಷದ ಸೇವೆಗೆ ಕೊನೆಗೂ ಅರ್ಥ ಬಂತು ಅಂದುಕೊಂಡು ರಿಜಿಸ್ಟರಿನಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದೆ.

ಅವಳು ತಲೆ ತಗ್ಗಿಸಿಕೊಂಡು ಹೇಳಿದಳು: "ನಮ್ ದೊಡ್ಡಪ್ಪ ಸಾರ್. ಗಾಡಿ ಹತ್ತು ಅಂದ್ರು. ಬೇಡ ಅಂದ್ರೆ ಬೇಜಾರ್ ಮಾಡ್ಕೊತಾರೆ."

೩. ಅನುಭವಿಗಳ ಸಲಹೆ

ರಸ್ತೆಯ ಓಟ ಹೀಗಾದ ಮೇಲೆ, ತಿಳಿದವರನ್ನು ಕೇಳೋಣವೆಂದು ಹಾರನಹಳ್ಳಿಯ ಒಬ್ಬ ಮಾಜಿ ಸೈನಿಕರನ್ನು ಶಾಲೆಗೆ ಕರೆತಂದೆ. ಹುಡುಗಿಯ ಜೊತೆಗೆ ಮಿಕ್ಕ ಮಕ್ಕಳೂ ಸೇರಿದರು. ಎಲ್ಲರಿಗೂ ಗುಂಡು, ಗಡಿ, ಹಿಮ ಇವುಗಳ ಕಥೆ ಬೇಕಿತ್ತು. ಅವರು ಟೀ ಕುಡಿದು ಲೋಟ ಕೆಳಗಿಟ್ಟು, ಭರ್ತಿಗೆ ಬಂದವರು ಸೋಲುವುದು ಓಟದಲ್ಲಲ್ಲ ಅಂದರು.

"ಓಡೋದು ಏಳು ನಿಮಿಷ. ಅದಕ್ಕೆ ಮುಂಚೆ ಲೈನಲ್ಲಿ ನಿಲ್ಲೋದು ಏಳು ಗಂಟೆ. ನಿಂತು ನಿಂತು ಕಾಲು ಸತ್ತೋಗಿರ್ತದೆ. ಮೊದ್ಲು ನಿಲ್ಲೋದು ಕಲಿಸಿ ಮೇಷ್ಟ್ರೇ."

ಮರುದಿನ ಹುಡುಗಿಯನ್ನು ಅಂಗಳದಲ್ಲಿ ನಿಲ್ಲಿಸಿದೆ. ಒಬ್ಬಳೇ ನಿಂತರೆ ಅದು ಲೈನ್ ಆಗುವುದಿಲ್ಲವಾದ್ದರಿಂದ ಇಡೀ ಹತ್ತನೇ ತರಗತಿಯನ್ನು ಅವಳ ಹಿಂದೆ ನಿಲ್ಲಿಸಿದೆ. ಒಂದು ಪೀರಿಯಡ್ ಪೂರ್ತಿ ಯಾರೂ ತುಟಿ ಬಿಚ್ಚಲಿಲ್ಲ. ಹೆಡ್‌ಮಾಸ್ಟರು ವರಾಂಡಕ್ಕೆ ಬಂದು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಹತ್ತಿರ ಬಂದು ಮೆಲ್ಲಗೆ, "ಇಪ್ಪತ್ತಾರು ವರ್ಷದಲ್ಲಿ ನಿಮ್ಮ ಕ್ಲಾಸು ಇವತ್ತೊಂದಿನ ಸೈಲೆಂಟಾಗಿದೆ ನೋಡಿ. ಗಣಿತಾನೂ ಹೀಗೇ ಮಾಡಿ" ಅಂದರು.

೪. ಸೀಬೆ ಕೊಂಬೆ

ಭರ್ತಿಗೆ ಎತ್ತರವೂ ಬೇಕು. ಹುಡುಗಿ ಎರಡು ಬೆರಳು ಕಮ್ಮಿ ಇದ್ದಳು. ಅವಳ ತಂದೆ ಅದನ್ನು ಹೇಳುವಾಗಲೆಲ್ಲ ಮನೆಯ ಬಾಗಿಲು ತೋರಿಸುತ್ತಿದ್ದರು. "ನಮ್ಮಪ್ಪ ಈ ಬಾಗ್ಲು ದಾಟೋಕೆ ಸೊಂಟ ಬಗ್ಗಿಸ್ತಿದ್ದ. ಇವ್ಳು ನಮ್ಮವ್ವನ ಕಡೆ ಹೋಗವ್ಳೆ." ಅವರವ್ವ, ಅಂದರೆ ಹುಡುಗಿಯ ಅಜ್ಜಿ, ಒಲೆಯ ಮುಂದೆ ಕೂತು ಸೌದೆ ಮುಂದಕ್ಕೆ ತಳ್ಳುತ್ತಿದ್ದರು.

ಜೋತು ಬಿದ್ದರೆ ಉದ್ದವಾಗುತ್ತಾರೆಂದು ಯಾರೋ ಹೇಳಿದ್ದರಿಂದ, ಹಿತ್ತಲ ಸೀಬೆ ಮರದ ಒಂದು ಕೊಂಬೆ ಗೊತ್ತು ಮಾಡಿದೆವು. ಮೊದಲ ದಿನ ಹಾರಿದರೆ ಮಾತ್ರ ಅದು ಕೈಗೆ ಸಿಗುತ್ತಿತ್ತು. ತಿಂಗಳಾದ ಮೇಲೆ ನಿಂತಲ್ಲಿಂದಲೇ ಸಿಕ್ಕಿತು. ಮನೆಯಲ್ಲಿ ಪಾಯಸ ಮಾಡಿ ನನಗೂ ಒಂದು ಡಬ್ಬಿ ಕಳಿಸಿದರು. ಖುಷಿಯಲ್ಲಿ ಕ್ಲಾಸಿನ ಮರದ ಸ್ಕೇಲು ಹಿಡಿದು ಹೋದೆ. ಹುಡುಗಿ ಇದ್ದಷ್ಟೇ ಇದ್ದಳು. ಕೊಂಬೆ ನಾಲ್ಕು ಬೆರಳು ಬಗ್ಗಿತ್ತು.

ಇನ್ನೆರಡು ವರ್ಷದಲ್ಲಿ ತಾನಾಗಿ ಬೆಳೆಯುತ್ತಾಳೆ ಬಿಡಿ ಅಂದೆ. ಪಾಯಸ ಅಷ್ಟೊತ್ತಿಗೆ ಖರ್ಚಾಗಿತ್ತು.

೫. ಮೂವತ್ತಾರು ಮರ

ಇನ್ನು ಓಟದ ವಿಚಾರ. ರಸ್ತೆ ಬೇಡ, ತಮ್ಮ ತೋಟದೊಳಗೇ ಓಡಲಿ, ಅಲ್ಲಿ ಯಾರೂ ಡ್ರಾಪ್ ಕೊಡುವುದಿಲ್ಲ ಎಂದು ತಂದೆಯೇ ಹೇಳಿದ್ದರು. ಬದುವಿನ ಪಕ್ಕದ ಸಾಲಿನಲ್ಲಿ ಮೂವತ್ತಾರು ತೆಂಗಿನ ಮರ. ಮರದಿಂದ ಮರಕ್ಕೆ ಮೂವತ್ತಡಿ, ನಮ್ಮ ಕಡೆ ಎಲ್ಲರ ತೋಟದಲ್ಲೂ ಅಷ್ಟೇ. ನಮ್ಮ ಶಾಲೆಯ ಟೇಪು ಯಾವಾಗಲೋ ಹರಿದುಹೋಗಿತ್ತು. ಆದರೆ ಲೆಕ್ಕ ಗೊತ್ತಿದ್ದವನಿಗೆ ಟೇಪು ಯಾಕೆ? ಮೂವತ್ತಾರು ಮರಕ್ಕೆ ಅಂತರ ಮೂವತ್ತೈದು. (ಪ್ರತಿ ವರ್ಷ ಅರ್ಧ ತರಗತಿ ಇಲ್ಲೇ ತಪ್ಪುತ್ತದೆ.) ಮೂವತ್ತೈದನ್ನು ಮೂವತ್ತರಿಂದ ಗುಣಿಸಿದರೆ ಸಾವಿರದ ಐವತ್ತು ಅಡಿ, ಅಂದರೆ ಮುನ್ನೂರ ಇಪ್ಪತ್ತು ಮೀಟರು. ಐದು ಸಲ ಓಡಿದರೆ ಸರಿಯಾಗಿ ಸಾವಿರದ ಆರುನೂರು. ಶೇಷವೇ ಇಲ್ಲ. ಇಷ್ಟು ಚೆಂದವಾಗಿ ಬಿಡಿಸಿಕೊಂಡ ಲೆಕ್ಕ ನಾನು ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ.

ಎರಡು ತಿಂಗಳು ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ ಅದನ್ನೇ ಮಾಡಿಸಿದೆ. ಎಂಟು ನಿಮಿಷ ನಲವತ್ತು ಸೆಕೆಂಡಿನಿಂದ ಶುರುವಾದದ್ದು ಎಂಟು ಇಪ್ಪತ್ತಾಯಿತು, ಎಂಟು ಹತ್ತಾಯಿತು, ಎಂಟಕ್ಕೆ ಬಂದು ನಿಂತೇಬಿಟ್ಟಿತು. ತಂದೆ ತೆಂಗಿನ ಸಿಪ್ಪೆಯ ಗುಡ್ಡೆಯ ಮೇಲೆ ಕೂತು, "ಇನ್ನೂ ಅರ್ಧ ನಿಮಿಷ ಐತಲ್ಲ ಮೇಷ್ಟ್ರೇ" ಅನ್ನುತ್ತಿದ್ದರು. ಸಾಲು ಮುಗಿಯುವ ಕಡೆಯ ಬೇಲಿಗೆ ಒರಗಿ ಪಕ್ಕದ ತೋಟದವರೂ ದಿನಾ ನೋಡುತ್ತಿದ್ದರು. ಆ ಬೇಲಿ ಎಲ್ಲಿ ಇರಬೇಕು ಎಂಬ ವಿಚಾರಕ್ಕೆ ತಂದೆಗೂ ಅವರಿಗೂ ಬಹಳ ಕಾಲದಿಂದ ಮಾತಿರಲಿಲ್ಲ.

ಅರ್ಜಿಯ ಕೊನೆಯ ದಿನಕ್ಕೆ ಎರಡು ದಿನ ಇದೆ ಅನ್ನುವಾಗಲೂ ಎಂಟೇ ಬಂತು. ಹುಡುಗಿ ಮರದ ಬುಡದಲ್ಲಿ ಕೂತು ಶೂ ಬಿಚ್ಚಿದಳು.

"ಸಾಕು ಬಿಡಿ ಸಾರ್. ನಿಮ್ಗೂ ಮಂಡಿ ನೋವು."

ಅಜ್ಜಿ ಮಜ್ಜಿಗೆ ತಂದುಕೊಟ್ಟು ಮೊಮ್ಮಗಳ ತಲೆ ಸವರಿದರು. ಮಾತಿಗೆ ಮಾತು ಬರಲೆಂದು, ತೋಟ ನೆಟ್ಟವರು ಅಳತೆ ಬಹಳ ಅಚ್ಚುಕಟ್ಟಾಗಿ ಮಾಡಿದ್ದಾರೆ ಅಂದೆ. ಅಚ್ಚುಕಟ್ಟೇ ಕಣಪ್ಪ, ಐದು ಮಾರಿಗೊಂದು ಗುಂಡಿ ತೆಗೆದರು ಅಂದರು ಅಜ್ಜಿ. ಎರಡು ತೋಳು ಚಾಚಿದರೆ ಆಗುವ ಉದ್ದ ಒಂದು ಮಾರು. ಮಾರಿಗೆ ಆರಡಿ, ಐದು ಮಾರಿಗೆ ಮೂವತ್ತಡಿ, ಸರಿಹೋಯಿತಲ್ಲ ಅಂದೆ. ಅಜ್ಜಿ ನನ್ನ ತೋಳನ್ನೂ ಮುಖವನ್ನೂ ಒಂದು ಸಲ ನೋಡಿದರು.

"ಯಾರ ಮಾರು ಮೇಷ್ಟ್ರೇ? ನಿಮ್ದಾ, ನಮ್ಮನೆಯವರದ್ದಾ?"

ಮಜ್ಜಿಗೆ ಲೋಟ ಅಲ್ಲೇ ಇಟ್ಟು ಹೋದೆ. ಹತ್ತಿರದಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯಿಂದ ನೂರಡಿ ಟೇಪು ತಂದು, ಒಂದು ತುದಿ ಹುಡುಗಿಯ ಕೈಗೆ ಕೊಟ್ಟು ಸಾಲನ್ನು ಅಳೆದೆ. ಸಾವಿರದ ನೂರ ಮೂವತ್ತೇಳು ಅಡಿ. ಬಾಗಿಲಲ್ಲಿ ಬಗ್ಗಿ ನಡೆಯುತ್ತಿದ್ದ ಆ ಪುಣ್ಯಾತ್ಮರ ಮಾರು ಆರೂವರೆ ಅಡಿ. ತೆಂಗಿನ ಕಡ್ಡಿ ತಗೊಂಡು ಮಣ್ಣಿನ ಮೇಲೆ ಲೆಕ್ಕ ಮಾಡಿದೆ, ಒಂದು ಹಂತವನ್ನೂ ಬಿಡಲಿಲ್ಲ. ದಿನಾ ನೂರ ಮೂವತ್ತು ಮೀಟರಿಗೂ ಜಾಸ್ತಿ ಓಡುತ್ತಿದ್ದಳು. ಸರಿಯಾದ ದೂರಕ್ಕೆ ಅವಳ ಓಟ ಏಳು ನಿಮಿಷ ಇಪ್ಪತ್ಮೂರು ಸೆಕೆಂಡು.

ಸಂತೋಷಕ್ಕೆ ತಂದೆಯ ಕಡೆ ತಿರುಗಿ ಜೋರಾಗಿಯೇ ಹೇಳಿದೆ: "ಸಾಲು ನಾವು ತಿಳ್ಕೊಂಡಿದ್ದಕ್ಕಿಂತ ಎಂಬತ್ತೇಳು ಅಡಿ ಉದ್ದ ಇದೆ. ನಾಳೆ ಸರಿಯಾಗಿ ಗುರುತು ಹಾಕಿ ನಿಮ್ಮ ಕಣ್ಣೆದುರೇ ಓಡಿಸ್ತೀನಿ."

ಬೇಲಿಗೆ ಒರಗಿದ್ದ ಪಕ್ಕದ ತೋಟದವರು ನೆಟ್ಟಗೆ ನಿಂತರು. ಎರಡು ತಿಂಗಳಲ್ಲಿ ಅವರು ಬಾಯಿ ಬಿಟ್ಟದ್ದು ಅದೇ ಮೊದಲು.

"ಎಂಬತ್ತೇಳು ಅಡಿ ಅಂದ್ರಾ? ಯಾವ ಕಡೀಕೆ ಜಾಸ್ತಿ ಐತೆ ಮೇಷ್ಟ್ರೇ? ಆ ಟೇಪು ಒಂದ್ ಗಳಿಗೆ ಇತ್ಲಾಗ್ ಕೊಡಿ."

ತಂದೆ ಸಿಪ್ಪೆ ಗುಡ್ಡೆಯಿಂದ ನನ್ನ ಹತ್ತಿರ ಬಂದ ವೇಗವನ್ನು ಆಮೇಲೆ ಲೆಕ್ಕ ಹಾಕಿದ್ದೇನೆ, ಆ ಮನೆಯಲ್ಲಿ ಸೈನ್ಯಕ್ಕೆ ಸೇರಬೇಕಾದವರು ಅವರೇ. ನನ್ನ ಜೇಬಿನ ಪೆನ್ನು ಕಿತ್ತುಕೊಂಡು, ಮಗಳ ಚೀಲದಿಂದ ಅರ್ಜಿ ಎಳೆದು, ಮೂವತ್ತಾರನೇ ಮರಕ್ಕೆ ಒತ್ತಿ ಹಿಡಿದರು.

"ನಾಳೆ ಗೀಳೆ ಏನೂ ಬೇಡ. ಮೊದ್ಲು ಟೇಪು ಸುತ್ತಿ ಮೇಷ್ಟ್ರೇ. ಸೈನು ಎಲ್ಲೆಲ್ಲಿ ಹಾಕ್ಬೇಕು ಹೇಳಿ."