ದ್ರಾವಣ ಬದುಕಿದೆ!

“ಇನ್ನು ಮುಂದೆ ಈ ಮನೆಯ ಒಂದೇ ಒಂದು ಫಿಲಂ ರೋಲ್ ಕೂಡ ಸ್ಟುಡಿಯೋ ಮೆಟ್ಟಿಲು ಹತ್ತಕೂಡದು! ಎಲ್ಲಾ ಇಲ್ಲೇ, ನನ್ನ ಕೈಯಲ್ಲೇ!”

ಯಜಮಾನರು ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದಾಗ ಅವರ ಒಂದು ಕೈಯಲ್ಲಿ ಪುಟ್ಟ ತಕ್ಕಡಿ, ಇನ್ನೊಂದರಲ್ಲಿ ಥರ್ಮಾಮೀಟರು ಇದ್ದವು.

“ಸರಿ, ಮೊದಲು ಬಕೆಟ್ ಈಚೆ ಕೊಡಿ, ಬಟ್ಟೆ ನೆನೆಸ್ಬೇಕು,” ಎಂದಳು ಹೆಂಡತಿ.

ಯಜಮಾನರು ಬಲ್ಬ್ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವರು. ಪೆಟ್ಟಿಗೆಗೊಂದು ಬಲ್ಬನ್ನು ಉರಿಸಿ, ಕುಕ್ಕಿ, ಒಡೆದು ನೋಡಿದ ಮೇಲೆಯೇ ಉಳಿದವಕ್ಕೆ ಮುದ್ರೆ ಒತ್ತುವುದು ಅವರ ಉದ್ಯೋಗ. ಆ ಚಾಳಿ ಕಾರ್ಖಾನೆಯ ಗೇಟಿನಲ್ಲಿ ನಿಲ್ಲದೆ ಮನೆಗೂ ಅವರ ಜೊತೆಗೇ ಬರುತ್ತಿತ್ತು. ಹಾಲು ಸುಡುತ್ತಿದೆ ಎಂದರೆ ಬೆರಳು ಅದ್ದುವರು. ಬಣ್ಣ ಹಸಿಯಿದೆ ಎಂದರೆ ಅಂಗೈ ಒತ್ತಿಯೇ ನೋಡುವರು.

ಈ ಸಲ ಪಣಕ್ಕಿದ್ದದ್ದು ಸಾಮಾನ್ಯ ವಸ್ತುವಲ್ಲ, ಅತ್ತೆಯವರ ನಗು! ಕ್ಯಾಮೆರಾ ಕಂಡರೆ ಸಾಕು, ಕಳ್ಳನನ್ನು ಗುರುತಿಸಲು ಠಾಣೆಗೆ ಬಂದವರಂತೆ ಮುಖ ಬಿಗಿಯುವ ಹೆಂಗಸು ಅವರು. ಮಗಳ ಮದುವೆಯ ಆಲ್ಬಮ್ಮಿನಲ್ಲೂ ಅದೇ ಮುಖ. ಅಂಥವರನ್ನು ಹಿತ್ತಲಲ್ಲಿ ಕೂರಿಸಿ, ಒಳ್ಳೆಯ ಕೋನ ಹುಡುಕುತ್ತ ಹಿಂದೆ ಹಿಂದೆ ಸರಿದ ಯಜಮಾನರು ಬಟ್ಟೆ ನೆನೆಹಾಕಿದ್ದ ಟಬ್ಬಿನಲ್ಲಿ ದೊಪ್ಪನೆ ಕೂತುಬಿಟ್ಟರು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಟಬ್ಬಿನಲ್ಲಿ ಕೂತವರ ಬೆರಳು ತನ್ನಷ್ಟಕ್ಕೆ ಗುಂಡಿ ಒತ್ತಿತ್ತು!

“ಅಳಿಯಂದ್ರೇ, ಅದೊಂದು ಫೋಟೋ ಬಂದ್ರೆ ನನ್ನ ಮಂಚದ ಎದುರು ತೂಗುಹಾಕ್ತೀನಿ. ನಂಗೂ ನಗೋಕೆ ಬರುತ್ತೆ ಅಂತ ನಂಗೇ ಗೊತ್ತಾಗ್ಲಿ,” ಎಂದಿದ್ದರು ಅತ್ತೆ.

ಪುಡಿಗಳನ್ನು ತೂಗಿ, ಬಿಸಿನೀರಿನಲ್ಲಿ ಕದಡಿ, ಫಿಲಂ ತೊಳೆಯುವ ಡೆವಲಪರ್ ದ್ರಾವಣ ಸಿದ್ಧವಾಯಿತು. ಆದರೆ ಅದನ್ನು ಸುರಿದಿಟ್ಟದ್ದು ಅರ್ಧವಷ್ಟೇ ತುಂಬುವಂಥ ದೊಡ್ಡ ಬಾಟಲಿಗೆ. ಉಳಿದರ್ಧ ಗಾಳಿ. ಗಾಳಿ ತಗುಲಿದ ದ್ರಾವಣ ಕೆಲವೇ ದಿನಗಳಲ್ಲಿ ಕಂದು ತಿರುಗಿ ಪ್ರಾಣ ಬಿಟ್ಟಿತು. ಅದರಲ್ಲಿ ಇಳಿಸಿದ ಹೆಂಡತಿಯ ಪ್ರವಾಸದ ರೋಲು ಈಗಷ್ಟೇ ಒರೆಸಿದ ಕಿಟಕಿ ಗಾಜಿನಂತೆ ಹೊರಬಂತು.

“ನಮ್ಮ ಸಮುದ್ರ ಎಲ್ರೀ?”

“ಗಾಳಿಗೆ ಹೋಯ್ತು ಕಣೇ.”

ಅತ್ತೆಯವರ ರೋಲಿಗೆ ಇಂಥ ಗತಿ ಬರಬಾರದು! ಯಜಮಾನರು ಎರಡನೆಯ ಸಲ ದ್ರಾವಣ ಕಲಸಿ, ಕಂದು ಗಾಜಿನ ಬಾಟಲಿಗೆ ಕಂಠಪೂರ್ತಿ ತುಂಬಿಸಿದರು. ಜೊತೆಗೆ ಒಂದು ಚೀಲ ಗೋಲಿ ತಂದರು.

“ಈ ವಯಸ್ಸಿಗೆ ಗೋಲಿ ಆಡ್ತೀರಾ?”

“ದ್ರಾವಣ ತೆಗೆದಷ್ಟೂ ಗೋಲಿ ಹಾಕ್ತೀನಿ. ಮಟ್ಟ ಇಳಿಯೋದೇ ಇಲ್ಲ, ಗಾಳಿಗೆ ಕಾಲಿಡೋಕೂ ಜಾಗ ಇರಲ್ಲ!”

“ನಂಗೂ ಅಷ್ಟೇ ರೀ, ಬಚ್ಚಲಲ್ಲಿ.”

ದ್ರಾವಣಕ್ಕೆ ಜೀವ ಇದೆಯೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಬೆಳಕು ಕಂಡ ಫಿಲಂ ಚೂರನ್ನು ಚಮಚೆಯಷ್ಟು ದ್ರಾವಣದಲ್ಲಿ ಅದ್ದಬೇಕು, ಅದು ಕಪ್ಪಾದರೆ ದ್ರಾವಣ ಬದುಕಿದೆ ಎಂದರ್ಥ. ಅದಕ್ಕೆಂದೇ ತಾರೀಕು ಮುಗಿದ ರೋಲೊಂದನ್ನು ತಂದು ಡಬ್ಬಿಯ ಮೇಲೆ ‘ಪರೀಕ್ಷೆ’ ಎಂದು ಬರೆದರು. ಇನ್ನೊಂದು ಡಬ್ಬಿಯ ಮೇಲೆ ‘ಅತ್ತೆ’ ಎಂದು ಬರೆದರು. ಆಮೇಲೆ ಶುರುವಾಯಿತು ಚಿಂತೆ. ಹೆಂಡತಿ ಕುತೂಹಲಕ್ಕೆ ‘ಅತ್ತೆ’ ಡಬ್ಬಿ ತೆರೆದು ಫಿಲಂ ಎಳೆದುಬಿಟ್ಟರೆ? ತೊಳೆಯದ ಫಿಲಮ್ಮಿಗೆ ಬೆಳಕು ಬಿದ್ದರೆ ಅತ್ತೆಯ ನಗು ಖಲಾಸ್! ಯಾರೂ ಇಲ್ಲದ ಹೊತ್ತಲ್ಲಿ ಎರಡೂ ರೋಲುಗಳನ್ನು ಅದಲುಬದಲು ಮಾಡಿಟ್ಟು, ತಮ್ಮ ಬುದ್ಧಿಗೆ ತಾವೇ ಬೆನ್ನು ತಟ್ಟಿಕೊಂಡರು.

ಅಂದಿನಿಂದ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಒಂದು ಪರೀಕ್ಷೆ. ಸಂಜೆ ಬೂಟು ಬಿಚ್ಚುವ ಮುನ್ನ ಇನ್ನೊಂದು. ಬಿಸಿಲು ಹೆಚ್ಚಾಯಿತೆಂದು ಮಗದೊಂದು. ಡಬ್ಬಿ ತೆರೆ, ಚೂರು ಕತ್ತರಿಸು, ಅದ್ದು, ಗೋಲಿ ಹಾಕು!

“ಬದುಕಿದೆ!” ಎಂಬ ಕೂಗು ಬಚ್ಚಲಿನಿಂದ ಮೊದಲ ಸಲ ಕೇಳಿಬಂದಾಗ ಪಕ್ಕದ ಮನೆಯವರು ಗಾಬರಿಯಿಂದ ಓಡಿಬಂದಿದ್ದರು.

“ಬದುಕಿದ್ರೆ ಅಮ್ಮನ ಫೋಟೋ ತೊಳೀಬಹುದಲ್ಲ,” ಎಂದಳು ಹೆಂಡತಿ.

“ಇನ್ನೂ ನಾಲ್ಕು ದಿನ ನೋಡೋಣ. ಅತ್ತೆಯವರ ನಗು ಅಂದ್ರೆ ತಮಾಷೇನಾ?”

ಕೊನೆಗೆ ಅತ್ತೆಯೇ ಬಂದಿಳಿದರು. ಇನ್ನು ತಡಮಾಡುವಂತಿರಲಿಲ್ಲ. ಯಜಮಾನರು ಏಪ್ರನ್ ಕಟ್ಟಿ, ಎಲ್ಲರೆದುರು ಗತ್ತಿನಿಂದ ಬಾಟಲಿ ಬಗ್ಗಿಸಿದರು. ಬಳಬಳನೆ ಗೋಲಿಗಳು ಸುರಿದು, ಪಾತ್ರೆಯಿಂದ ಪುಟಿದು, ಮನೆಯ ತುಂಬ ಉರುಳಾಡಿದವು. ದ್ರಾವಣ ಅರ್ಧ ಲೋಟವೂ ಇರಲಿಲ್ಲ! ಪರೀಕ್ಷೆಯೇ ಅದನ್ನು ಕುಡಿದು ಮುಗಿಸಿತ್ತು.

“ಚಿಂತೆಯಿಲ್ಲ, ಹೊಸದು ಕಲಸಿದ್ರಾಯ್ತು. ರೋಲ್ ಭದ್ರವಾಗಿದೆ ತಾನೇ?” ಎಂದರು.

ಹೆಂಡತಿ ‘ಅತ್ತೆ’ ಡಬ್ಬಿಯನ್ನು ಎರಡೂ ಕೈಯಲ್ಲಿ ಜೋಪಾನವಾಗಿ ತಂದಳು. ಯಜಮಾನರಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಪೆದ್ದಿ! ನೀನು ಮುಟ್ತೀಯಾ ಅಂತಾನೇ ಅದಲುಬದಲು ಮಾಡಿಟ್ಟಿದ್ದೆ. ಇದ್ರಲ್ಲಿರೋದು ಹಳೇ ರೋಲು. ನಿಮ್ಮಮ್ಮ ಇರೋದು ‘ಪರೀಕ್ಷೆ’ ಡಬ್ಬೀ...”

ಯಜಮಾನರು ಗಡಬಡಿಸಿ ‘ಪರೀಕ್ಷೆ’ ಡಬ್ಬಿಯ ಮುಚ್ಚಳ ಕಿತ್ತರು.

“ದಿನಾ ಕತ್ತರಿಸ್ತಿದ್ದಿದ್ದು ಯಾವ ಡಬ್ಬಿಯಿಂದ್ರೀ?” ಹೆಂಡತಿ ಬಹಳ ಮೆತ್ತಗೆ ಕೇಳಿದಳು.

‘ಪರೀಕ್ಷೆ’ ಡಬ್ಬಿಯಲ್ಲಿ ಖಾಲಿ ಸುರುಳಿ, ಅದಕ್ಕೆ ಅಂಟಿಕೊಂಡ ಒಂದು ಮೋಟು ಬಾಲ. ಪಕ್ಕದ ತಟ್ಟೆಯಲ್ಲಿ ಕತ್ತರಿಸಿದ ಚೂರುಗಳ ರಾಶಿ. ಒಂದೊಂದೂ ಇದ್ದಿಲಿನಷ್ಟು ಕಪ್ಪು, ಒಂದೊಂದೂ ಮೊದಲ ದರ್ಜೆಯಲ್ಲಿ ಪಾಸು!

ಅತ್ತೆ ಒಂದು ಚೂರನ್ನೆತ್ತಿ ಬೆಳಕಿಗೆ ಹಿಡಿದರು. “ಇದ್ರಲ್ಲಿ ನಾನೆಲ್ಲಿದ್ದೀನಿ?”

“ಅತ್ತೆ... ಅದು ಬಹುಶಃ... ನಿಮ್ಮ ಗಲ್ಲ,” ಎಂದರು ಯಜಮಾನರು. ಅವರಿಗೆ ನಿಜಕ್ಕೂ ಅಳು ಬಂದಿತ್ತು.

ಅತ್ತೆ ತಮ್ಮ ಗಲ್ಲವನ್ನು ನೋಡಿದರು, ಗೋಲಿಗಳನ್ನು ನೋಡಿದರು, ಏಪ್ರನ್ ಕಟ್ಟಿ ನಿಂತ ಅಳಿಯನನ್ನು ನೋಡಿದರು. ತುಟಿ ಅದುರಿತು. ಬೈಗುಳ ಬಂತೆಂದು ಯಜಮಾನರು ಕಣ್ಣು ಮುಚ್ಚಿಕೊಂಡರೆ ಬಂದದ್ದು ನಗು! ಅದೇ ನಗು, ಹೊಟ್ಟೆ ಹಿಡಿದುಕೊಂಡು!

“ರೀ, ಕ್ಯಾಮೆರಾ!” ಎಂದು ಹೆಂಡತಿ ಕಿರುಚಿದಳು.

ಇದ್ದ ಒಂದೇ ರೋಲು ‘ಅತ್ತೆ’ ಡಬ್ಬಿಯ ತಾರೀಕು ಮುಗಿದದ್ದು. ಅದನ್ನೇ ಕ್ಯಾಮೆರಾಕ್ಕೆ ತುರುಕಿ ಓಡಿಬಂದ ಯಜಮಾನರು ಗೋಲಿಗಳ ಮೇಲೆ ಕಾಲಿಟ್ಟು ಜರ್ರನೆ ಜಾರಿ ಅತ್ತೆಯ ಪಾದದ ಬಳಿ ಬಂದು ಕೂತರು. ಅತ್ತೆಯ ನಗು ಇಮ್ಮಡಿಯಾಯಿತು. ಕೂತಲ್ಲಿಂದಲೇ ಕ್ಲಿಕ್, ಕ್ಲಿಕ್, ಕ್ಲಿಕ್!

ಉಸಿರು ಹತೋಟಿಗೆ ಬಂದ ಮೇಲೆ ಯಜಮಾನರು ರೋಲು ಹೊರತೆಗೆದು, ಹೊಸ ಹುರುಪಿನಿಂದ ಮೇಲೆದ್ದರು. “ಈಗ ನೋಡಿ ಅತ್ತೆ! ದ್ರಾವಣ ಕಲಸಿ, ಒಂದೇ ಒಂದು ಸಣ್ಣ ಪರೀಕ್ಷೆ ಮಾಡಿ...”

ಅತ್ತೆ ಅವರ ಕೈಯಿಂದ ರೋಲನ್ನು ಕಿತ್ತುಕೊಂಡು ತಮ್ಮ ಕೈಚೀಲಕ್ಕೆ ಹಾಕಿ ಜಿಪ್ ಎಳೆದರು. ಮಗಳಿಗೆ ಸ್ಟುಡಿಯೋದ ದಾರಿ ತೋರಿಸಲು ಹೇಳಿ, ಬಾಗಿಲಲ್ಲಿ ತಿರುಗಿ ನಿಂತರು.

“ಇಷ್ಟು ದಿನ ನಿಮ್ಮ ದ್ರಾವಣ ಬದುಕಿದ್ದು ಸಾಕು ಅಳಿಯಂದ್ರೇ, ಇನ್ನು ನನ್ನ ನಗೂನೂ ಸ್ವಲ್ಪ ಬದುಕ್ಲಿ!”