ನಯವಾಗಿ ಇಲ್ಲ ಅನ್ನುವ ಪಾಠ

ನಡುರಾತ್ರಿ ದಿಂಬಿನ ಕೆಳಗೆ ಫೋನು ‘ಟಿಣ್’ ಎಂದಿತು. ಬಸವಕಲ್ಯಾಣದ ಆ ಓಣಿಯಲ್ಲಿ ಅಷ್ಟು ಹೊತ್ತಿಗೆ ಎಚ್ಚರವಿರುವುದು ಪಕ್ಕದ ಮನೆಯ ಆಡುಗಳು ಮಾತ್ರ ಎಂದು ಮನಿಷಾ ನಂಬಿದ್ದಳು. ಫೋನು ತೆಗೆದು ನೋಡಿದಳು. ‘ಅಭಿನಂದನೆಗಳು! ನಿಮ್ಮ ಕೋರ್ಸಿಗೆ ಮೊದಲ ವಿದ್ಯಾರ್ಥಿ ಸೇರಿದ್ದಾರೆ. ಊರು: ಬಸವಕಲ್ಯಾಣ.’

ಅವಳು ಗಂಡನನ್ನು ಅಲುಗಿಸಿದಳು. ಸಂತೋಷಕುಮಾರ ಕಣ್ಣು ಬಿಡದೆ ಕೇಳಿದ, “ಯಾರರೇ ಸತ್ರೇನು?”

“ಇಲ್ರಿ, ಯಾರೋ ಸೇರ್ಯಾರ.”

“ಎಲ್ಲಿಗಿ?”

“ನನ್ನ ಕೋರ್ಸಿಗಿ.”

“ಹಂಗಾರ ಮುಂಜಾನಿ ಹೇಳು,” ಎಂದು ಅವನು ಗೋಡೆಯ ಕಡೆ ಹೊರಳಿದ.

ಮನಿಷಾಗೆ ಮತ್ತೆ ನಿದ್ದೆ ಬರಲಿಲ್ಲ. ಸೇರಿದವರು ಇದ್ದರು, ಸೇರುವುದಕ್ಕೆ ಕೋರ್ಸ್ ಇರಲಿಲ್ಲ. ಆನ್‌ಲೈನ್ ಕೋರ್ಸ್ ಮಾರುವುದು ಹೇಗೆ ಎಂದು ಅವಳಿಗೆ ಕಲಿಸಿದ ವೀಡಿಯೊದ ಮನುಷ್ಯ, ಮೊದಲು ಮಾರಿ, ಆಮೇಲೆ ಮಾಡಿ ಎಂದಿದ್ದ. ಅದರಂತೆ ಅವಳು ತನ್ನದೊಂದು ಫೋಟೊ, ‘ನಯವಾಗಿ ನಿರಾಕರಿಸುವ ಕಲೆ’ ಎಂಬ ಹೆಸರು ಮತ್ತು ‘ಶನಿವಾರ ಸಂಜೆ ಆರಕ್ಕೆ ಮೊದಲ ಪಾಠ’ ಎಂಬ ಭರವಸೆ ಹಾಕಿ ಸುಮ್ಮನಾಗಿದ್ದಳು. ನಿಮ್ಮನ್ನು ಕಾಡುವ ವಿಷಯವನ್ನೇ ಆರಿಸಿಕೊಳ್ಳಿ ಎಂದೂ ಆ ಮನುಷ್ಯ ಹೇಳಿದ್ದ. ‘ಆಗೋದಿಲ್ಲ’ ಅನ್ನುವುದರ ಬಗ್ಗೆ ಅವಳಷ್ಟು ಯೋಚಿಸಿದವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಅಂದವರು ಬೇಕಾದಷ್ಟು ಜನ ಇದ್ದರು.

ಅವಳ ಚಿಂತೆಗೆ ಹುಮನಾಬಾದಿನಲ್ಲಿ ಒಂದು ಹೆಸರಿತ್ತು. ಗಂಡನ ಅಕ್ಕ ಗಿರಿಜಾಬಾಯಿ ಅಲ್ಲಿ ಮನೆಯಲ್ಲೇ ಟ್ಯೂಷನ್ ನಡೆಸುತ್ತಿದ್ದಳು. ಮಕ್ಕಳು ಹೆಚ್ಚಾದರು, ತಾಳ್ಮೆ ಕಡಿಮೆಯಾಯಿತು. ‘ಮನಿಷಾ ಹ್ಯಾಂಗೂ ಮನ್ಯಾಗ ಖಾಲಿ ಇರ್ತಾಳ, ಸೋಮವಾರದಿಂದ ದಿನಾ ಬಂದು ಪಾಠ ಹೇಳ್ಲಿ’ ಎಂದು ಆಕೆ ತೀರ್ಮಾನ ಮಾಡಿದ್ದಳು. ಮನಿಷಾ ‘ನೋಡೋಣ್ರಿ ಅಕ್ಕಾರ’ ಎಂದಿದ್ದಳು. ಆ ನೋಡುವ ಗಡುವು ಶನಿವಾರಕ್ಕೇ ಮುಗಿಯುತ್ತಿತ್ತು. ಈಗ ಒಬ್ಬ ವಿದ್ಯಾರ್ಥಿ ಇದ್ದಾನೆ. ‘ನನಗ ನಂದ ಕೆಲಸ ಅದ ರಿ’ ಎಂದು ಹೇಳಬಹುದು, ಧೈರ್ಯ ಬಂದರೆ.

ಶನಿವಾರ ಬೆಳಿಗ್ಗೆ ಸಂತೋಷಕುಮಾರ ಕೆಲಸಕ್ಕೆ ಹೋದ ಮೇಲೆ ಅವಳು ಕಿಟಕಿಗೆ ಹಳೆ ಸೀರೆಗಳ ಕೌದಿ ಕಟ್ಟಿ, ಅಕ್ಕಿಯ ಡಬ್ಬಿಗೆ ಫೋನು ಆನಿಸಿ, ಅದರೆದುರು ಕೂತಳು. “ನಮಸ್ಕಾರ. ನಿರಾಕರಿಸುವುದು ತಪ್ಪಲ್ಲ. ಯಾರಾದರೂ ನಿಮ್ಮ ಬಾಗಿಲು ತಟ್ಟಿದಾಗ...”

ಬಾಗಿಲು ತಟ್ಟಿದ ಸದ್ದಾಯಿತು.

ಪಕ್ಕದ ಮನೆಯ ಕಸ್ತೂರಿಬಾಯಿ ನಿಂತಿದ್ದಳು. ನಿರ್ಣಾ ಹಳ್ಳಿಯಿಂದ ಬಂದು ಈ ಓಣಿಯಲ್ಲಿ ಆಡು ಸಾಕಿ, ಹಾಲು ಮಾರಿ ಬದುಕುವ ಹೆಂಗಸು. ದಿನವೂ ‘ಏ ಮನಿಷಾ’ ಎಂದು ಕೂಗುವವಳು ಇವತ್ತು ಸೆರಗು ತಲೆಯ ಮೇಲೆ ಹೊದ್ದು, “ಬಾಯಾರ, ಹೆಪ್ಪಿಗಿ ಒಂದೀಟು ಮೊಸರು ಕೊಡ್ತೀರೇನ್ರಿ?” ಎಂದಳು. ಕೇಳಿದ ಮೇಲೆ ಮನಿಷಾಳ ಬಾಯಿಯನ್ನೇ ನೋಡುತ್ತಾ ನಿಂತಳು.

ಮನೆಯಲ್ಲಿ ಇದ್ದದ್ದು ಒಂದೇ ಬಟ್ಟಲು ಮೊಸರು. ಮನಿಷಾ ಬಟ್ಟಲು ಸಮೇತ ಕೊಟ್ಟಳು. ಕಸ್ತೂರಿಬಾಯಿ ಯಾಕೋ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಇನ್ನೇನೂ ಬರಲಿಕ್ಕಿಲ್ಲ ಎಂಬುದು ಖಾತ್ರಿಯಾದ ಮೇಲೆ ಹೋದಳು.

ಎರಡನೆಯ ಸಲ ‘ನಿರಾಕರಿಸುವುದು ತಪ್ಪಲ್ಲ’ ಅನ್ನುವಷ್ಟರಲ್ಲಿ ಕಸ್ತೂರಿಬಾಯಿ ಮತ್ತೆ ಬಂದಳು. ಈ ಸಲ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಒಂದು ಕರಿ ಆಡು. “ಜಳಕ ಮಾಡಿ ಬರ್ತೀನ್ರಿ. ಅಲ್ಲಿತನ ಇದನ್ನ ಹಿಡ್ಕೊಂಡು ಕುಂದರ್ತೀರೇನ್ರಿ? ನಿಮಗ ಕೆಲಸ ಇದ್ರ ಇಲ್ಲ ಅನ್ರಿ. ಬೇಕಾರ ಅನ್ರಿ.”

“ಅಯ್ಯ, ಅದರಾಗೇನದ ಕಾಕು,” ಎಂದಳು ಮನಿಷಾ.

ಕಸ್ತೂರಿಬಾಯಿಯ ಜಳಕ ದೇವಸ್ಥಾನದ ಅಭಿಷೇಕದಷ್ಟು ಹೊತ್ತು ನಡೆಯಿತು. ಅಷ್ಟರಲ್ಲಿ ಆಡು ಕೌದಿಯ ಒಂದು ಅಂಚನ್ನು ತಿಂದು ಮುಗಿಸಿತ್ತು. ಹಿಂದಿರುಗಿ ಬಂದವಳು ಆಡನ್ನಲ್ಲ, ಮನಿಷಾಳ ಮುಖವನ್ನು ಪರೀಕ್ಷಿಸಿದಳು. ಆಮೇಲೆ ಗಂಟಲು ಸರಿ ಮಾಡಿಕೊಂಡಳು.

“ನಮ್ಮ ತಮ್ಮ ಅಮೋಘಸಿದ್ದಪ್ಪ ಹುಮನಾಬಾದದಾಗ ಇದ್ದಾನ್ರಿ. ಈ ಆಡು ನನಗ ಬೇಕು ಅಂತ ಜಿದ್ದು ಹಿಡ್ದಾನ. ಇದs ನೋಡ್ರಿ ನಮ್ಮನಿ ನಡಸೋದು, ಇದರಷ್ಟು ಹಾಲು ಯಾವುದೂ ಕೊಡೋದಿಲ್ಲ. ತಮ್ಮಗ ಇಲ್ಲ ಅನ್ನಾಕ ನನ್ನ ನಾಲಿಗಿ ಏಳವಲ್ದು. ಒಮ್ಮಿ ತಂದು ತೋರ್ಸು ಅಂದಾನ, ಒಯ್ದು ತೋರಿಸಿ ಬರ್ತೀನಿ. ನೀವು ಜೋಡಿ ಬರ್ತೀರೇನ್ರಿ?”

ಮನಿಷಾ ಗಡಿಯಾರ ನೋಡಿದಳು, ಫೋನು ನೋಡಿದಳು. ನಾಲಿಗೆಯ ತುದಿಗೆ ಒಂದು ಮಾತು ಬಂತು. ಕಸ್ತೂರಿಬಾಯಿ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದಳು.

“ಚಪ್ಪಲಿ ಹಾಕ್ಕೊಂಡು ಬಂದೆ,” ಎಂದಳು ಮನಿಷಾ.

ಬಸ್ಸಿನಲ್ಲಿ ಹೆಂಗಸರಿಬ್ಬರಿಗೂ ಪುಕ್ಕಟೆ. ಕಂಡಕ್ಟರ್ ಆಡಿಗೆ ಟಿಕೆಟ್ ಹರಿದ.

“ಇದೂ ಹೆಣ್ಣೇ ಅದಲ್ಲೋ ಯಪ್ಪಾ!” ಎಂದಳು ಕಸ್ತೂರಿಬಾಯಿ.

“ಆಧಾರ್ ಕಾರ್ಡ್ ತೋರಸ್ಲಿ. ಬಿಡ್ತೀನಿ,” ಎಂದ ಅವನು, ನಗದೆ.

ಆಡು ಮನಿಷಾಳ ತೊಡೆಯ ಮೇಲೆ ಕೂತಿತು. ಅವಳು ಆದಷ್ಟು ಗಂಭೀರವಾಗಿದ್ದಳು. ಆ ವಿದ್ಯಾರ್ಥಿ ಇದೇ ಊರಿನವನು, ಇದೇ ಬಸ್ಸಿನಲ್ಲಿ ಇದ್ದರೂ ಇದ್ದಾನು. ಮುಂದಿನ ಸೀಟಿನಲ್ಲಿದ್ದ ಕನ್ನಡಕದ ಮನುಷ್ಯ ಎರಡು ಸಲ ತಿರುಗಿ ನೋಡಿದಾಗ ಅವಳಿಗೆ ಅವನೇ ಎನ್ನಿಸಿತು. ಮೂರನೆಯ ಸಲ ಅವನು, “ಬಾಯಿ, ನಿಮ್ಮ ಆಡು ನನ್ನ ಅಂಗಿ ಕಡ್ಯಾಕತ್ತದ,” ಎಂದ.

ಅಮೋಘಸಿದ್ದಪ್ಪನ ಮನೆ ಹುಮನಾಬಾದಿನ ಊರಂಚಿಗಿತ್ತು. ಅವನು ಚಹಾ ಕುಡಿಸಿದ, ಆಡಿನ ಬೆನ್ನು ಸವರಿದ, “ಅಕ್ಕಾ, ಬಿಟ್ಟು ಹೋಗು. ನಿನ್ನ ಕಡೆ ಇನ್ನೂ ಅವ,” ಎಂದ.

ಕಸ್ತೂರಿಬಾಯಿ ಗಾಬರಿ ಮತ್ತು ನಂಬಿಕೆ ಎರಡನ್ನೂ ಮುಖದಲ್ಲಿ ಇಟ್ಟುಕೊಂಡು ಮನಿಷಾಳ ಕಡೆ ತಿರುಗಿದಳು. “ಬಾಯಾರು ಓದಿದವರು. ಅವರು ಏನಂತಾರ ಕೇಳು.”

ಅಮೋಘಸಿದ್ದಪ್ಪ ಕೈ ಮುಗಿದ. “ನೀವs ಹೇಳ್ರಿ ಬಾಯಾರ. ಅಕ್ಕ ತಮ್ಮಗ ಇಲ್ಲ ಅಂತಾಳೇನ್ರಿ?”

ಹೀಗೆ ಕೈ ಮುಗಿದವರಿಗೆ ಏನು ಹೇಳಬೇಕು ಎಂಬುದು ಅವಳು ಯೋಚಿಸಿಟ್ಟಿದ್ದ ನಾಲ್ಕನೆಯ ಪಾಠದಲ್ಲಿತ್ತು. “ಛೇ, ಹ್ಯಾಂಗ ಅಂತಾರ್ರಿ,” ಎಂದಳು ಮನಿಷಾ. ಅಂದದ್ದಷ್ಟೇ ಅಲ್ಲ, ಹಗ್ಗ ತನ್ನ ಕೈಯಲ್ಲೇ ಇದ್ದದ್ದರಿಂದ ಅದನ್ನು ಅವನ ಕೈಗೆ ಕೊಟ್ಟೂಬಿಟ್ಟಳು.

ದಾರಿಯಲ್ಲಿ ಕಸ್ತೂರಿಬಾಯಿ ಹಿಂದೆ ತಿರುಗಿ ತಿರುಗಿ ನೋಡುತ್ತಾ ನಡೆದಳು. ಬಂದೇ ಬಂದಿದ್ದೇವೆ, ಗಂಡನ ಅಕ್ಕನಿಗೆ ಎದುರಿಗೇ ಹೇಳಿ ಮುಗಿಸಿಬಿಡುತ್ತೇನೆ ಎಂದು ಮನಿಷಾ ಹೇಳಿದಾಗ ಮಾತ್ರ ಅವಳ ಕಣ್ಣು ಅರಳಿತು. “ಏನಂತ ಹೇಳ್ತೀರಿ?”

“ಬರಾಕ ಆಗೋದಿಲ್ಲ ಅಂತ.”

“ಖರೇನಾ?” ಕಸ್ತೂರಿಬಾಯಿ ಹೆಜ್ಜೆ ಜೋರು ಮಾಡಿದಳು. “ನಡೀರಿ, ನಡೀರಿ. ನಾ ಬಾಜೂಕs ಕುಂದರ್ತೀನಿ.”

ಕೂತಳು ಕೂಡ, ಜಾತ್ರೆಯಲ್ಲಿ ಕುಸ್ತಿ ನೋಡಲು ಮುಂದಿನ ಜಾಗ ಹಿಡಿದವಳಂತೆ. ಗಿರಿಜಾಬಾಯಿ ಮಕ್ಕಳ ಗದ್ದಲದ ನಡುವಿನಿಂದ ಎದ್ದು ಬಂದಳು. “ಏನ್ ಮನಿಷಾ, ಸೋಮವಾರ ಎಷ್ಟೊತ್ತಿಗಿ ಬರ್ತೀ?”

“ಅಕ್ಕಾರ, ಅದು... ನಾ ಒಂದು ಕೋರ್ಸ್ ಚಾಲೂ ಮಾಡೀನ್ರಿ. ಒಬ್ರು ಸೇರ್ಯಾರ.”

“ಒಬ್ರಾ?” ಗಿರಿಜಾಬಾಯಿ ಒಳಗಿನ ಗದ್ದಲದ ಕಡೆ ಕೈ ತೋರಿಸಿದಳು. “ಇಲ್ಲಿ ನೋಡು, ಕುಂದರಾಕ ಜಾಗಾ ಇಲ್ಲ. ನಿನಗ ಕಲಸಾಕ ಅಷ್ಟು ಹುರುಪು ಅದ ಅಂದ್ರ ಇನ್ನೂ ಛಲೋ ಆಯ್ತು. ಮುಂಜಾನಿ ಬಸ್ಸಿಗೇ ಬಾ.”

ಕಸ್ತೂರಿಬಾಯಿ ಮೊಣಕೈಯಿಂದ ತಿವಿದಳು. ಮನಿಷಾ ಬಾಯಿ ತೆರೆದಳು.

“ಊಟಾ ತರ್ಲೇನ್ರಿ, ಇಲ್ಲೇ ಆಗ್ತದೇನ್ರಿ?” ಎಂಬುದು ಹೊರಗೆ ಬಂತು.

ಬಸ್ ನಿಲ್ದಾಣಕ್ಕೆ ಬಂದಾಗ ಸಂಜೆಯಾಗುತ್ತಿತ್ತು. ಕಸ್ತೂರಿಬಾಯಿ ದೂರದ ಬೆಂಚಿನಲ್ಲಿ ಆಡಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮನಿಷಾ ಕಂಬದ ಮರೆಗೆ ಹೋಗಿ ಒಂದು ಕೈಯಲ್ಲಿ ಫೋನು ಹಿಡಿದು ಶುರು ಮಾಡಿದಳು. “ನಮಸ್ಕಾರ. ನಿರಾಕರಿಸುವುದು ತಪ್ಪಲ್ಲ. ನಮ್ಮ ಸಮಯ ನಮ್ಮದು...” ಅಷ್ಟರಲ್ಲಿ ಯಾರೋ ಹೆಂಗಸು, “ಒಂದ್ ಗಳಿಗಿ ಹಿಡೀರಿ ಯಕ್ಕಾ,” ಎಂದು ತನ್ನ ಕೂಸನ್ನು ಅವಳ ಇನ್ನೊಂದು ಕೈಗೆ ಕೊಟ್ಟು ಬಸ್ಸಿನ ವಿಚಾರಣೆಗೆ ಓಡಿದಳು. ಮನಿಷಾ ಕೂಸನ್ನು ತೂಗುತ್ತಲೇ ಪಾಠ ಮುಗಿಸಿದಳು. ಮತ್ತೊಮ್ಮೆ ಮಾಡಲು ಹೊತ್ತಿರಲಿಲ್ಲ. ಕೂಸನ್ನು ತಾಯಿಗೆ ಒಪ್ಪಿಸಿ, ಬಸ್ಸು ಹತ್ತಿ, ಕಸ್ತೂರಿಬಾಯಿಯ ಪಕ್ಕ ಕೂತು, ಆರು ಗಂಟೆಗೆ ಸರಿಯಾಗಿ ಅದನ್ನು ಕಳಿಸಿ ಕಣ್ಣು ಮುಚ್ಚಿದಳು.

“ನಮಸ್ಕಾರ. ನಿರಾಕರಿಸುವುದು ತಪ್ಪಲ್ಲ,” ಎಂದಿತು ಅವಳದೇ ದನಿ. ಹಿಂದೆಯೇ ಕೂಸಿನ ಅಳು.

ಮನಿಷಾ ಕಣ್ಣು ಬಿಟ್ಟಳು. ದನಿ ಪಕ್ಕದ ಸೀಟಿನಿಂದ ಬರುತ್ತಿತ್ತು. ಕಸ್ತೂರಿಬಾಯಿ ಫೋನನ್ನು ಕನ್ನಡಿಯಂತೆ ಮುಖದೆದುರು ಹಿಡಿದಿದ್ದಳು.

“ಕಾಕು... ನೀವಾ?”

“ಮತ್ತ್ಯಾರು? ರಾತ್ರಿ ಆಡಿನ ಚಿಂತಿಗಿ ನಿದ್ದಿ ಬರ್ಲಿಲ್ಲ. ನಿನ್ನ ಗಂಡ ಓಣಿ ಮಂದಿಗೆಲ್ಲ ಕೋರ್ಸಿನ ಲಿಂಕ್ ಕಳಿಸಿದ್ದನಲ್ಲ, ನಿನ್ನ ಫೋಟೊ ನೋಡಿ ಸೇರಿದ್ನಿ.” ಬೆಳಗಿನ ‘ನೀವು’ ಎಲ್ಲೋ ಇಳಿದುಹೋಗಿತ್ತು.

“ಮುಂಜಾನೀನೇ ಹೇಳಬಾರದಾ?”

“ಮುದುಕಿ ಸಾಲಿ ಸೇರ್ಯಾಳ ಅಂತ ಓಣಿ ಎಲ್ಲಾ ನಗ್ಲೇನು? ಮತ್ತ ನಮ್ಮವ್ವ ನನಗ ರೊಟ್ಟಿ ಬಡಿಯೋದು ಬಾಯಿಲೆ ಹೇಳಿಕೊಟ್ಟಿಲ್ಲವ್ವಾ. ಒಲಿ ಮುಂದ ಕುಂತು ನೋಡಿದ್ನಿ, ಬಂತು. ಹಂಗs ನಿನ್ನ ಬಾಜೂಕ ಇದ್ದು ನೋಡೋಣ ಅಂದ್ನಿ. ಮೊಸರು ಕೇಳಿದ್ನಿ. ನಮ್ಮನ್ಯಾಗ ಗಡಿಗಿ ತುಂಬ ಮೊಸರದ! ನೀ ಹ್ಯಾಂಗ ಇಲ್ಲ ಅಂತೀ ನೋಡಬೇಕಾಗಿತ್ತು. ಕೊಟ್ಟುಬಿಟ್ಟಿ. ಸಣ್ಣ ಮಾತಿಗಿ ಗುರು ಯಾಕ ಬಾಯಿ ಬಿಡ್ತಾಳ ಅಂತ ಆಡು ಹಿಡಿ ಅಂದ್ನಿ. ಹಿಡದಿ. ಹುಮನಾಬಾದಕ್ಕ ಬಾ ಅಂದ್ನಿ. ನನಗಿಂತ ಮೊದಲ ಹೊಸ್ತಿಲ ದಾಟಿದಿ. ಹೋಗ್ಲಿ, ತಮ್ಮನ ಮುಂದರೇ ಅಂತಾಳ ಅಂದ್ರ... ಹಗ್ಗ ನೀನs ಕೊಟ್ಟಿ!”

ಕಸ್ತೂರಿಬಾಯಿ ಫೋನನ್ನು ಮನಿಷಾಳ ಮುಂದೆ ಹಿಡಿದಳು. “ಪಾಠ ಹ್ಯಾಂಗಿತ್ತು ಬರೀ ಅನ್ನಾಕತ್ತದ ಇದು. ನನಗ ಅಕ್ಷರ ಒತ್ತಾಕ ಬರೋದಿಲ್ಲ. ನೀನs ಬರದು ಕೊಡು.”

ಮನಿಷಾ ಫೋನು ತೆಗೆದುಕೊಂಡಳು.

“ಬಾಯಿ ಭಾಳ ಛಲೋ ಹೆಣಮಗಳು, ಖರೆ ಆಕಿಗೇ ಏನೂ ಬರೋದಿಲ್ಲ, ಅಂತ ಬರಿ.”

‘ಬೋಧಕರು ಸಜ್ಜನರು. ಆದರೆ ವಿಷಯದ ಪರಿಚಯ ಅವರಿಗಿಲ್ಲ’ ಎಂದು ಮನಿಷಾ ತಪ್ಪಿಲ್ಲದೆ ಬರೆದಳು. ‘ಆದರೆ’ಯ ಮುಂದೆ ಅಲ್ಪವಿರಾಮ ಬೇಕೇ ಎಂದು ಸ್ವಲ್ಪ ಯೋಚಿಸಿ, ಬೇಡ ಎಂದು ಬಿಟ್ಟಳು.

“ನಕ್ಷತ್ರ ಒಂದs ಹಾಕು.”

ಮನಿಷಾಳ ಬೆರಳು ನಿಂತಿತು. “ಕಾಕು, ನನ್ನ ಮೊದಲನೇ ಕೋರ್ಸ್. ಎರಡು ಹಾಕ್ಲೇನ್ರಿ?”

ಕಸ್ತೂರಿಬಾಯಿ ಅವಳನ್ನು ಅಕ್ಕರೆಯಿಂದ ನೋಡಿದಳು. ಅವಳ ಮೊಣಕಾಲ ಮೇಲೆ ಮೆಲ್ಲಗೆ ಕೈಯಿಟ್ಟಳು. “ಆಗೋದಿಲ್ಲವ್ವಾ,” ಎಂದಳು.

ದನಿ ಏರಲಿಲ್ಲ, ಕಾರಣ ಕೊಡಲಿಲ್ಲ, ಕ್ಷಮೆ ಕೇಳಲಿಲ್ಲ. ಅಷ್ಟು ನಯವಾಗಿ ಮನಿಷಾಗೆ ಯಾರೂ ಇಲ್ಲ ಅಂದಿರಲಿಲ್ಲ. ತನ್ನ ಬಾಯಿಂದ ಬಂದದ್ದನ್ನು ಕೇಳಿ ಕಸ್ತೂರಿಬಾಯಿಗೂ ಬೆರಗಾಯಿತು. ಫೋನು ಕಸಿದುಕೊಂಡು ತಮ್ಮನಿಗೆ ಹಚ್ಚಿದಳು. “ಅಮೋಘ್ಯಾ, ಆಡು ಕೊಡಾಕ ಆಗೋದಿಲ್ಲ. ನಾಳಿ ಬಂದು ಒಯ್ತೀನಿ... ಹೂಂ. ಇಲ್ಲ. ಆಗೋದಿಲ್ಲ ಅಂದ್ನೆಲ್ಲ.”

ಫೋನು ಇಟ್ಟವಳ ಮುಖ ಬೆಳಗುತ್ತಿತ್ತು.

“ಬಂತಲ್ರಿ ಕಾಕು!” ಎಂದಳು ಮನಿಷಾ, ಆಸೆಯಿಂದ. “ಹಂಗಾರ ನಕ್ಷತ್ರ...”

“ಅದು ನಾನs ಕಲ್ತದ್ದು. ಒಂದs ಇರ್ಲಿ.” ಕಸ್ತೂರಿಬಾಯಿ ಸೆರಗು ಸರಿಪಡಿಸಿಕೊಂಡಳು. “ನಾಳಿ ಆಡು ತರಾಕ ಜೋಡಿ ಯಾರರೇ ಬೇಕು. ಬರ್ತೀ ಹೌದಿಲ್ಲೋ?”

“ಆಯ್ತ್ರಿ ಕಾಕು,” ಎಂದಳು ಮನಿಷಾ.

ಮನೆಯಲ್ಲಿ ಸಂತೋಷಕುಮಾರ ತುದಿಯಿಲ್ಲದ ಕೌದಿಯನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಅದರ ಬಗ್ಗೆ ಕೇಳುವ ಮೊದಲು, “ಪಾಠ ಹ್ಯಾಂಗಾಯ್ತು? ವಿದ್ಯಾರ್ಥಿ ಕಲ್ತರೇನು?” ಎಂದ.

ಅವನಿಗೆ ಹೇಳಿದರೆ ಅವನು ಅಕ್ಕನಿಗೆ ಹೇಳುತ್ತಾನೆ, ಅಕ್ಕ ಟ್ಯೂಷನ್ನಿನ ಮಕ್ಕಳ ತಾಯಂದಿರಿಗೆಲ್ಲ ಹೇಳುತ್ತಾಳೆ. ಈ ದಿನ ನಡೆದದ್ದನ್ನು ಯಾರಿಗೂ, ಯಾವತ್ತೂ ಹೇಳುವುದಿಲ್ಲ ಎಂದು ಮನಿಷಾ ನಿಂತಲ್ಲೇ ನಿರ್ಧರಿಸಿದಳು.

“ಕಲ್ತ್ರು ರಿ,” ಎಂದು ಹೇಳಿ, ಅವನ ಕೈಯಿಂದ ಕೌದಿ ಇಸಿದುಕೊಂಡು ಮಡಿಚತೊಡಗಿದಳು.