ನಾಲ್ಕನೇ ಮಹಡಿಯ ಫಿಟ್‌ನೆಸ್ ಚೀಟಿ

ಲಿಫ್ಟ್ ಬಾಗಿಲಿಗೆ 'ಕೆಟ್ಟಿದೆ' ಎಂಬ ರಟ್ಟಿನ ಬೋರ್ಡು ನೇತಾಡುತ್ತಿತ್ತು. ಬೇರೆಯವರಾಗಿದ್ದರೆ ಗೊಣಗಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಮಿಸ್ತ್ರಿಗೆ ಅದನ್ನು ನೋಡಿ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷದಿಂದ ಲಿಫ್ಟ್ ರಿಪೇರಿ ಮಾಡಿಕೊಂಡು ಬಂದ ಅವನ ಎಡಮಂಡಿಯನ್ನು ಹಾಳುಮಾಡಿದ್ದೇ ಇಂಥ ಬೋರ್ಡುಗಳು. ಮೋಟಾರು ಇರುವುದು ತಾರಸಿಯ ಮೇಲೆ. ಕೆಟ್ಟ ಲಿಫ್ಟಿನಲ್ಲಿ ನಿಂತು ಅಲ್ಲಿಗೆ ಹೋಗುವಂತಿಲ್ಲ. ಊರವರ ಕಾಲು ಉಳಿಸಲು ಹೋಗಿ ತನ್ನ ಕಾಲು ಕೆಡಿಸಿಕೊಂಡವನು ಅವನು.

ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಅತಿಯಾಗಿ ದುಡಿದು ಸವೆದಿದೆ ಎಂದು ವ್ಯಾಯಾಮದ ಡಾಕ್ಟರಮ್ಮ ಹೇಳಿ ಇವತ್ತಿಗೆ ಆರು ವಾರ. ಮೆಟ್ಟಿಲು ಹತ್ತಬಾರದು. ಇಳಿಜಾರು ಹಲಗೆಯ ಮೇಲೆ ನಿಂತು, ಐದು ಎಣಿಸುತ್ತ ನಿಧಾನವಾಗಿ ಮಂಡಿ ಬಗ್ಗಿಸಬೇಕು, ದಿನಕ್ಕೆರಡು ಹೊತ್ತು. ಇವತ್ತು ಸಂಜೆಯೊಳಗೆ ಆಕೆಯಿಂದ ಫಿಟ್‌ನೆಸ್ ಚೀಟಿ ತಂದುಕೊಡದಿದ್ದರೆ ಅವನು ದುಡಿಯುವ ರಿಪೇರಿ ಕಂಪನಿಯ ಮಾಲೀಕರು ಅವನನ್ನು ಕಾಯಂ ಆಗಿ ಸ್ಟೋರಿಗೆ ಹಾಕುವವರಿದ್ದರು. ಅಲ್ಲಿ ಮಾಲೀಕರ ಭಾಮೈದನ ಮೂಗಿನಡಿ ನಟ್ಟು ಬೋಲ್ಟು ಆರಿಸುತ್ತ ಕೂರುವುದನ್ನು ನೆನೆದರೇ ಮಿಸ್ತ್ರಿಗೆ ಉಸಿರು ಕಟ್ಟುತ್ತಿತ್ತು. ಚೀಟಿ ಸಿಕ್ಕಿದ್ದೇ ಕೆಲಸಕ್ಕೆ ಹೋಗಲೆಂದು ಸಾಮಾನಿನ ಚೀಲವನ್ನೂ ತಂದಿದ್ದ. ಆಕೆಯ ಕ್ಲಿನಿಕ್ಕು ನಾಲ್ಕನೇ ಮಹಡಿಯಲ್ಲಿತ್ತು.

ವಾಚ್‌ಮನ್ ಟೀ ಕುಡಿದು ಬರುವಷ್ಟರಲ್ಲಿ ಲಿಫ್ಟು ನಿಂತಿತ್ತಂತೆ. ಒಳಗೆ ಯಾರಾದರೂ ಇದ್ದಿದ್ದರೆ ಇಷ್ಟೊತ್ತಿಗೆ ಕಿರುಚಿ ರಂಪ ಮಾಡುತ್ತಿದ್ದರು ಎಂದ. ಕಂಪನಿಗೆ ಫೋನ್ ಮಾಡಿದ್ದಾನೆ, ನಾಳೆ ಯಾರನ್ನೋ ಕಳಿಸುತ್ತಾರಂತೆ.

"ನಾನಿಲ್ಲಿ ನಿಂತಿರುವಾಗ ಇನ್ನೊಬ್ಬ ಬಂದು ರಿಪೇರಿ ಮಾಡೋದಾ? ಚೀಲ ಹಿಡ್ಕೊ, ನಡಿ" ಎಂದ ಮಿಸ್ತ್ರಿ.

ಒಳ್ಳೆಯ ಕಾಲು ಮುಂದೆ, ಕೆಟ್ಟ ಕಾಲು ಹಿಂದೆ. ಒಂದನೇ ಮಹಡಿಯ ತಿರುವಿನಲ್ಲಿ ವಾಚ್‌ಮನ್ ಚೀಲವನ್ನು ಹೆಗಲು ಬದಲಿಸಲು ಹೋಗಿ ಸರಿಯಾಗಿ ಎಡಮಂಡಿಗೇ ಬಡಿದ. ಎರಡನೇ ಮಹಡಿಯ ಅಜ್ಜಿ ನರಳಾಟ ಕೇಳಿ ಸ್ಟೂಲು ಹಿಡಿದು ಬಂದಳು. ಬಿಸಿನೀರಿನ ಶಾಖ ಕೊಡಬೇಕು ಎಂದಳು. ಐಸೇ ಸರಿ ಎಂದ ವಾಚ್‌ಮನ್. ಅವರಿಬ್ಬರ ವಾದದಲ್ಲಿ ಮಂಡಿ ಯಾರದೆಂಬುದೇ ಮರೆತುಹೋಯಿತು. ಹಾಗೇ ಜಗಳವಾಡುತ್ತ ಇಬ್ಬರೂ ಅವನ ಹಿಂದೆ ಹತ್ತಿದರು.

ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಮಿಸ್ತ್ರಿಯ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಸ್ಟೂಲಿನ ಮೇಲೆ ಕುಸಿದು, ಕಸುಬಿನ ಅಭ್ಯಾಸಬಲದಿಂದ ಲಿಫ್ಟಿನ ಬಾಗಿಲು ತಟ್ಟಿ ಒಳಗೆ ಯಾರಿದ್ದೀರಿ ಎಂದು ಕೇಳಿದ. ಅದೇ ಹೊತ್ತಿಗೆ ಅಜ್ಜಿ ಬಾಯಿ ಹಾಕಿದಳು.

"ಡಾಕ್ಟರಮ್ಮ ಹೇಳಿದ ವ್ಯಾಯಾಮ ಸರಿಯಾಗಿ ಮಾಡಿದ್ಯೇನಪ್ಪಾ?"

"ನಾಲ್ಕು ದಿನ ಮಾಡ್ದೆ ಅಜ್ಜಿ. ಆಮೇಲೆ ಆ ಹಲಗೇನ ಬಚ್ಚಲುಮನೆ ಬಾಗಿಲು ಬಡ್ಕೊಳ್ದೇ ಇರ್ಲಿ ಅಂತ ಅಡ್ಡ ಇಟ್ಟಿದೀನಿ. ಮೆಟ್ಟಿಲು ಹತ್ತಬೇಡ ಅಂದ್ರಲ್ಲ, ಕದ್ದು ಮೂರು ಲಿಫ್ಟ್ ರಿಪೇರಿ ಮಾಡಿ ಬಂದೆ. ಇವತ್ತು ಅವರೆದುರು ಹಲ್ಲು ಕಚ್ಚಿ ಹತ್ತು ಸಲ ಕೂತು ಎದ್ದರೆ ಆಯ್ತು, ಚೀಟಿ ಕೊಡ್ತಾರೆ. ಮಂಡಿ ನಂದು, ಮರ್ಜಿ ನಂದು."

ವಾಚ್‌ಮನ್ ಮೆಚ್ಚಿ ತಲೆಯಾಡಿಸಿದ. ಅದರಿಂದ ಹುರುಪು ಬಂದು ಮಿಸ್ತ್ರಿ ಡಾಕ್ಟರಮ್ಮ ಐದು ಎಣಿಸುವ ರೀತಿಯನ್ನೂ ಅಣಕಿಸಿ ತೋರಿಸಿದ. ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು.

ಅವರಿಬ್ಬರನ್ನೂ ಅಲ್ಲೇ ಬಿಟ್ಟು, ಚೀಲ ತಾನೇ ಹೊತ್ತು, ಉಳಿದ ಮೆಟ್ಟಿಲುಗಳನ್ನು ಅವನು ಆ ಹುರುಪಿನ ಬಲದಿಂದಲೇ ಹತ್ತಿದ. ತಾರಸಿಯ ಕೋಣೆಯಲ್ಲಿ ಹತ್ತೇ ನಿಮಿಷದ ಕೆಲಸ. ಕಪ್ಪು ಹಿಡಿದಿದ್ದ ಒಂದು ತಾಮ್ರದ ತುಂಡನ್ನು ಉಜ್ಜಿ ಸ್ವಿಚ್ಚು ಹಾಕಿದ, ಮೋಟಾರು ಗುಂಯ್‌ಗುಟ್ಟಿತು. ಅವನ ಎದೆ ಉಬ್ಬಿತು. ಇಳಿಯುವಾಗ ಮಂಡಿಯಲ್ಲಿ ಸೂಜಿ ಚುಚ್ಚಿದಂತಾದರೂ ಮುಖ ಕಿವಿಚದೆ ನಾಲ್ಕನೇ ಮಹಡಿಗೆ ಬಂದ.

ಕ್ಲಿನಿಕ್ಕಿಗೆ ಬೀಗ ಹಾಕಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಲಿಫ್ಟಿನ ಬಾಗಿಲು ತೆರೆಯಿತು. ಔಷಧಿ ಅಂಗಡಿಯ ಪೊಟ್ಟಣ ಹಿಡಿದು ಡಾಕ್ಟರಮ್ಮ ಹೊರಗೆ ಬಂದರು.

"ಫೋನು ಕ್ಲಿನಿಕ್ಕಲ್ಲೇ ಬಿಟ್ಟಿದ್ದೆ, ಕೂಗಿ ಕೂಗಿ ಸಾಕಾಗಿ ಒಳಗೇ ಕೂತಿದ್ದೆ. ನೀವು ತಟ್ಟಿದ್ದು ಕೇಳಿಸ್ತು ಮಿಸ್ತ್ರಿ. ಓಗೊಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ವ್ಯಾಯಾಮದ ವಿಷಯ ಎತ್ತಿದ್ರು. ಆಮೇಲೆ ಕೂಗೋಕೆ ಮನಸ್ಸೇ ಬರ್ಲಿಲ್ಲ."

ಮಿಸ್ತ್ರಿ ಬಗ್ಗಲಿಲ್ಲ. "ನಾನು ಹತ್ತದೇ ಇದ್ದಿದ್ರೆ ನೀವು ನಾಳೆವರೆಗೂ ಒಳಗೇ ಇರ್ತಿದ್ರಿ."

"ಅದಕ್ಕೆ ನಾನು ಋಣಿ" ಎಂದು ಆಕೆ ಗೋಡೆಗೆ ಕಾಗದವಿಟ್ಟು ಅಲ್ಲೇ ಬರೆದರು. ಇನ್ನೂ ಆರು ವಾರ ಮೆಟ್ಟಿಲು ಬೇಡ, ಕೂತು ಮಾಡುವ ಕೆಲಸಕ್ಕೆ ಮಾತ್ರ ಯೋಗ್ಯ.

ಚೀಟಿ ಕಿತ್ತುಕೊಂಡು ಮಿಸ್ತ್ರಿ ಧುಮುಗುಟ್ಟುತ್ತ ಮೆಟ್ಟಿಲ ಕಡೆ ತಿರುಗಿದ.

"ಒಂದು ಮೆಟ್ಟಿಲು ಇಳಿದ್ರೂ ಅದನ್ನ ಹನ್ನೆರಡು ವಾರ ಮಾಡ್ತೀನಿ" ಎಂದರು ಡಾಕ್ಟರಮ್ಮ.

ಅವರನ್ನು ದುರುಗುಟ್ಟಿ ನೋಡಿ ಅವನು ಲಿಫ್ಟಿನೊಳಗೆ ಹೋಗಿ ಗುಂಡಿ ಗುದ್ದಿದ. ತಾನೇ ರಿಪೇರಿ ಮಾಡಿದ ಲಿಫ್ಟು ಎಲ್ಲಿಯೂ ನಿಲ್ಲದೆ, ಒಂದು ಚೂರೂ ಅಲುಗಾಡದೆ, ಅವನನ್ನು ಸ್ಟೋರಿನ ದಾರಿಗೆ ಇಳಿಸಿತು.